ನನ್ನ ಪಟ್ಟಿಯ ಹನ್ನೊಂದನೆಯ ಸಾಲು

2023ರ ಜೂನ್. ಠಾಣೆ ನಗರದ ಮಾಜಿವಾಡಾ ಬಳಿ ಒಂದು ಮಕ್ಕಳ ಕ್ಲಿನಿಕ್ಕಿನಲ್ಲಿ ನಾನು ಡಯಟೀಷಿಯನ್ ಆಗಿ ಸೇರಿ ಹತ್ತು ತಿಂಗಳಾಗಿತ್ತು. ಡೊಂಬಿವಲಿಯಿಂದ ಶೈಲಾ ಎಂಬವರು ಹನ್ನೊಂದು ವರ್ಷದ ಮಗಳು ಶ್ರಾವಣಿಯನ್ನು ಕರೆತಂದರು. ವಿಜಯಪುರ ಕಡೆಯ ಕುಟುಂಬ. ಹುಡುಗಿಗೆ ಸೀಲಿಯಾಕ್ ರೋಗ. ಗೋಧಿ, ಬಾರ್ಲಿಯಲ್ಲಿರುವ ಗ್ಲುಟೆನ್ ಎಂಬ ಪ್ರೋಟೀನ್ ಇಂಥವರ ಸಣ್ಣಕರುಳನ್ನು ಕೆಡಿಸುತ್ತದೆ, ಉಂಡದ್ದು ಮೈಗೆ ಹತ್ತುವುದಿಲ್ಲ. ಇದಕ್ಕೆ ಪಥ್ಯವೇ ಚಿಕಿತ್ಸೆ. ಆ ದಿನ ಅವಳ ತೂಕ 24 ಕಿಲೋ.

"ಎಲ್ಲಿ ನೋಡಿ ಕಲೀಬೇಕ್ರಿ ಮೇಡಂ? ಒಂದ್ ವಿಡಿಯೋದಾಗ ರವಾ ನಡೀತದಂತಾರ, ಇನ್ನೊಂದ್ರಾಗ ಅದ ವಿಷ ಅಂತಾರ," ಎಂದರು ಶೈಲಾ.

"ವಿಡಿಯೋ ಬಿಡಿ. ನಾನೇ ಪಟ್ಟಿ ಮಾಡಿಕೊಡುತ್ತೇನೆ," ಎಂದೆ.

ಒಂಬತ್ತು ದಿನ ಕೂತು ಮಾಡಿದೆ. ಹದಿನಾಲ್ಕು ವೆಬ್‌ಸೈಟ್ ಓದಿ ಐದನ್ನು ಮಾತ್ರ ಉಳಿಸಿಕೊಂಡೆ. ಅವೆಲ್ಲ ಬ್ರೆಡ್ಡು, ಪಾಸ್ತಾದ ಮಾತು. ನಮ್ಮ ಅಡುಗೆಗೆಂದು ಉಡುಪಿಯ ನನ್ನ ಅಮ್ಮನ ಹನ್ನೆರಡು ಪದಾರ್ಥ ಸೇರಿಸಿದೆ. ಹನ್ನೊಂದನೆಯದು, ಇಂಗಿನ ಒಗ್ಗರಣೆಯ ತಿಳಿಸಾರು. ಮನೆಯದೆಂದು ಆ ಹನ್ನೆರಡನ್ನು ಪರಿಶೀಲಿಸಲಿಲ್ಲ.

ಸೆಪ್ಟೆಂಬರಿನಲ್ಲಿ ತೂಕ 24.2. ರಕ್ತದಲ್ಲಿ ಆ್ಯಂಟಿಬಾಡಿ, ಅಂದರೆ ಗ್ಲುಟೆನ್ ಒಳಹೋಗುತ್ತಿರುವುದರ ಸುಳಿವು, ಇಳಿದಿರಲಿಲ್ಲ. ಶೈಲಾ ದಿನದಿನದ ಊಟ ಬರೆದ ನೋಟ್‌ಬುಕ್ ಮುಂದಿಟ್ಟರು. ನಾನು ಹಾಳೆ ಮಗುಚಿ, "ಇದರಲ್ಲಿ ಇಲ್ಲದ್ದನ್ನು ತಿನ್ನುತ್ತಿದ್ದಾಳೆ. ಗೆಳತಿಯರ ಟಿಫಿನ್ ಇರಬೇಕು," ಎಂದೆ.

"ಮೈನೇ ಕುಛ್ ನಹೀಂ ಖಾಯಾ ಆಂಟಿ, ಮಮ್ಮೀ ಕೀ ಕಸಮ್," ಎಂದಳು ಶ್ರಾವಣಿ. ಏನೂ ತಿಂದಿಲ್ಲವೆಂದು ಅಮ್ಮನ ಮೇಲೆ ಆಣೆಯಿಟ್ಟಳು.

"ಎಲ್ಲ ಮಕ್ಕಳೂ ಹೀಗೇ ಹೇಳುವುದು," ಎಂದು ನಕ್ಕೆ. ಫೈಲಿನಲ್ಲಿ 'ಪಥ್ಯ ಪಾಲಿಸುತ್ತಿಲ್ಲ' ಎಂದು ಬರೆದೆ. ಊಟದ ಹೊತ್ತಿಗೆ ಅವಳ ಮೇಲೆ ಕಣ್ಣಿಡಿ ಎಂದು ಶಾಲೆಗೂ ಚೀಟಿ ಕೊಟ್ಟೆ. ಮರುದಿನದಿಂದ ಅವಳನ್ನು ಊಟದ ಹೊತ್ತಿಗೆ ಟೀಚರ್‌ಗಳ ಕೋಣೆಯ ಹೊರಗಿನ ಬೆಂಚಿನಲ್ಲಿ ಒಬ್ಬಳನ್ನೇ ಕೂರಿಸಿದರು.

ಜನವರಿಯಲ್ಲೂ ವರದಿ ಹಾಗೇ ಇತ್ತು. ಶೈಲಾ ಒಂದು ಚೀಲ ತಂದು ನನ್ನ ಮೇಜಿನ ಮೇಲೆ ಸುರಿದರು. ಅಡುಗೆಮನೆಯ ಪ್ಯಾಕೆಟ್, ಡಬ್ಬಿಗಳೆಲ್ಲ ಅದರಲ್ಲಿದ್ದವು.

"ನನ್ನ ಮಾತು ನಂಬಂಗಿಲ್ಲ, ಕೂಸಿಂದೂ ನಂಬಂಗಿಲ್ಲ. ಡಬ್ಬಿನರ ನಂಬ್ರಿ."

ಒಂದೊಂದನ್ನೇ ತಿರುಗಿಸಿ ಓದಿದೆ. ಹದಿನೇಳನೆಯದು ಇಂಗು. ಸಣ್ಣ ಅಕ್ಷರದಲ್ಲಿತ್ತು: ಗೋಧಿಹಿಟ್ಟು, ಅಂಟು, ಇಂಗು. ಅಂಗಡಿಯ ಇಂಗನ್ನು ಹಿಟ್ಟು ಬೆರೆಸಿಯೇ ಮಾರುವುದು ಸಾಮಾನ್ಯ. ನಮ್ಮ ಮನೆಯ ಡಬ್ಬಿಯೂ ಅಂಥದ್ದೇ. ಆ ಅಕ್ಷರ ನಾನೆಂದೂ ಓದಿರಲಿಲ್ಲ.

"ಇದನ್ನು ದಿನಾ ಹಾಕ್ತೀರಾ?"

"ಎರಡೂ ಹೊತ್ತು. ನಮ್ದು ಬಳ್ಳೊಳ್ಳಿ ಒಗ್ಗರಣಿರಿ, ಮನ್ಯಾಗ ಇಂಗ ಇರಲಿಲ್ಲ. ನೀವು ಬರದೀರಿ ಅಂತ ತಂದೆ."

ತಪ್ಪು ನನ್ನದೆಂದು ಇಬ್ಬರಿಗೂ ಹೇಳಿದೆ. ಫೈಲಿನ ಸಾಲನ್ನು ಹೊಡೆದು ಸಹಿ ಹಾಕಿದೆ. ಶಾಲೆಗೆ ಇನ್ನೊಂದು ಚೀಟಿ ಬರೆದೆ. ಅವಳ ಶಾಲೆಯ ಡೈರಿ ನೋಡಿ ಎಣಿಸಿದೆ. ಬೆಂಚಿನ ಮೇಲೆ ಅವಳು 81 ದಿನ ಊಟ ಮಾಡಿದ್ದಳು.

ಇಂಗು ಬಿಟ್ಟ ಮೇಲೆ ಆ್ಯಂಟಿಬಾಡಿ ಇಳಿಯಿತು. ಜುಲೈಯಲ್ಲಿ ತೂಕ 27.5. "ಈಗ ಗೆಳತಿಯರ ಜೊತೆ ಕೂತು ಊಟ ಮಾಡ್ತೀಯಾ?" ಎಂದು ಕೇಳಿದೆ.

"ಉನ್ಕಾ ಗ್ರೂಪ್ ಬನ್ ಗಯಾ, ಆಂಟಿ. ಮೇರೇಕೋ ಬೆಂಚ್ ಹೀ ಠೀಕ್ ಹೈ." ಗೆಳತಿಯರದೇ ಒಂದು ಗುಂಪಾಗಿತ್ತು, ತನಗೆ ಬೆಂಚೇ ಸರಿ ಎಂದಳು.

ಈಗ ನನ್ನ ಪಟ್ಟಿಯ ಪ್ರತಿ ಸಾಲಿನ ಎದುರು ಯಾವ ಡಬ್ಬಿ, ಯಾರು ಓದಿದ್ದು, ಯಾವ ದಿನ ಎಂದು ಬರೆದಿರುತ್ತೇನೆ. ವರದಿಯಲ್ಲಿ ಆ್ಯಂಟಿಬಾಡಿ ಇಳಿಯದಿದ್ದರೆ ಮೊದಲು ಆ ಪಟ್ಟಿಯನ್ನೇ ಓದುತ್ತೇನೆ, ಮಗುವನ್ನು ಪ್ರಶ್ನಿಸುವುದು ಆಮೇಲೆ. ಇದನ್ನು ಕಲಿಯಲು ನನಗೆ ಬೇಕಾದ ಆ 81 ದಿನ ಶ್ರಾವಣಿಯವು.