ಎಮ್ಮೆಲ್ಲೆ ಸಾಹೇಬ್ರು ಹುಚ್ಚವ್ವನ ಮನ್ಯಾಗ ಉಂಡಿದ್ದು

ಹುಚ್ಚವ್ವನ ಕೈಯಾನ ರೊಟ್ಟಿ ಉಂಡವ್ರಿಗಿ ಗೊತ್ತು ನೋಡ್ರಿ, ಹಾಳಿ ಹಂಗ ತೆಳ್ಳಗ, ಮುರುದ್ರ ಕಟಂ ಅಂತಾವ. ಊರಿಗಿ ಯಾ ದೊಡ್ಡವ್ರು ಬರ್ಲಿ, ಊಟ ಮಾತ್ರ ಅಕಿ ಮನ್ಯಾಗ.

ಗಂಡ ಬಸಂತರಾಯ ಆ ಕಡಿ ತಾಂಬಾ, ಈ ಕಡಿ ಕನ್ನೊಳ್ಳಿ ತನಕ ಟಂಟಂ ಆಟೋ ಹೊಡಿತಿದ್ದ. ಸಕ್ರಿ ಬ್ಯಾನಿ ಇದ್ದಾಂವ. ಬ್ರೇಕ್ ಒತ್ತೋ ಬಲಗಾಲಿನ ಬೆರಳಿಗಿ ಹುಣ್ಣಾಗಿ ಕರ್ರಗಾಗಾಕತ್ತಿತ್ತು. ವಿಜಾಪುರದ ಡಾಕ್ಟರು, "ಕಟ್ಟಿದ ರಕ್ತನಾಳ ಬಿಡಿಸಿದ್ರ ಕಾಲು ಉಳಿತೈತಿ, ಲಗೂನ ಬರ್ರಿ. ರೇಷನ್ ಕಾರ್ಡ್ ಇದ್ರ ರೊಕ್ಕ ಬೀಳಂಗಿಲ್ಲ" ಅಂದಿದ್ರು. ಆದ್ರ ಕಾರ್ಡ್ ರದ್ದಾಗಿ ಕುಂತಿತ್ತು. ಬಸಂತರಾಯ ಟ್ಯಾಕ್ಸ್ ಕಟ್ಟೋ ಸಾವಕಾರ ಅಂತ ಕಂಪ್ಯೂಟರ್ನಾಗ ಬಂದಿತ್ತಂತ.

"ನನ್ನ ರೊಕ್ಕ ಯಾ ಬ್ಯಾಂಕಿನಾಗ ಐತಿ ಅದನರ ಹೇಳ್ರಿ, ತಕ್ಕೊಂಡ ಬರ್ತೇನಿ" ಅಂದ ಬಸಂತರಾಯ, ತಾಲೂಕು ಕಚೇರಿಗಿ ಹೋಗಿ.

ಕಚೇರಿಯಾಂವ ನಗ್ಲಿಲ್ಲ. "ಮ್ಯಾಲಿಂದ ಆಗಿದ್ರಿ ಇದು. ಎಮ್ಮೆಲ್ಲೆ ಸಾಹೇಬ್ರ ಕಡಿಂದ ಒಂದ್ ಫೋನ್ ಮಾಡಸ್ರಿ."

ಹುಚ್ಚವ್ವ ಸಾಹೇಬ್ರ ಆಫೀಸಿಗಿ ಎಡತಾಕಿದ್ಲು. ಪಿಎ ಕಾಂತು ಹೋದಾಗೊಮ್ಮೆ "ಬೆಂಗ್ಳೂರಾಗ ಅದಾರ್ರಿ ಯಕ್ಕಾ" ಅಂತಿದ್ದ.

ಅಷ್ಟರಾಗ ಸಾಹೇಬ್ರು ರೋಡಿನ ಪೂಜಿಗಿ ಊರಿಗೇ ಬಂದ್ರು. ಊಟ ಹುಚ್ಚವ್ವನ ಮನ್ಯಾಗ. ರೊಟ್ಟಿ, ಎಣಗಾಯಿ, ಶೇಂಗಾ ಹಿಂಡಿ, ಕೆನಿ ಮೊಸರು. ಒಳಗ ಖೋಲ್ಯಾಗ ಬಸಂತರಾಯ ಕಾಲಿಗಿ ಅರಬಿ ಸುತ್ಕೊಂಡು ಮಕ್ಕೊಂಡಿದ್ದ. ವಾಸನಿ ಹೊರಗ ಬರಬಾರ್ದಂತ ಅಕಿ ಊದಿನಕಡ್ಡಿ ಹಚ್ಚಿದ್ಲು.

ಸಾಹೇಬ್ರು ರೊಟ್ಟಿ ಮುರ್ಕೋತ ತಾವಾಗೇ ಕೇಳಿದ್ರು, "ಏನವಾ, ಎಲ್ಲಾ ಆರಾಮಲ್ಲ? ಏನರ ಕೆಲ್ಸ ಇದ್ರ ಹೇಳು."

ಮಾತು ತುದಿನಾಲಿಗಿಗಿ ಬಂದಿತ್ತು. ಆದ್ರ ಉಣ್ಣಾವ್ರ ತಾಟಿನ ಮುಂದ ನಿಂತು ಬೇಡೂದಂದ್ರ ಉಣಿಸಿದ್ದಕ್ಕ ಕೂಲಿ ಕೇಳಿದಂಗ ಅಂತ ಹಡದವ್ವ ಕಲ್ಸಿದ್ಲು ಅಕಿಗಿ. ಕೈ ತೊಳಕೊಂಡ ಮ್ಯಾಲ ಹೇಳಿದ್ರಾತು ಅನ್ಕೊಂಡು, "ಆರಾಮ ಅದೇವ್ರಿ ಯಪ್ಪಾ. ಇನ್ನೊಂದ್ ರೊಟ್ಟಿ ಹಾಕಸ್ಕೊರಿ" ಅಂದ್ಲು.

ಕೈ ತೊಳ್ಯಾಕ ಅಂಗಳಕ್ಕ ಬಂದಿದ್ದೇ ತಡ, ಮಂದಿ ಮುಕುರ್ಕೊಂತು. ಶಾಲು, ಹಾರ, ಸೆಲ್ಫಿ. ಹುಚ್ಚವ್ವ ಎಂಜಲ ತಾಟು ಹಿಡ್ಕೊಂಡೇ ಹೊರಗ ಓಡಿದ್ಲು. ಗಾಡಿ ಓಣಿ ದಾಟಿತ್ತು.

ಬಸಂತರಾಯ ಒಳಗಿಂದ ಎಲ್ಲಾ ಕೇಳಸ್ಕೊಂಡಿದ್ದ. "ಎಷ್ಟು ರೊಟ್ಟಿ ಉಂಡ್ರು?" ಅಂದ.

"ಮೂರು."

"ಸೇರ್ಯಾವ ಹಂಗಾರ."

ಮರುದಿನ ಸಾಹೇಬ್ರು ಅಧಿವೇಶನಕ್ಕ ಹ್ವಾದ್ರು. ಹುಚ್ಚವ್ವ ಆಫೀಸಿಗಿ ಹ್ವಾದ್ರ, "ಮನ್ಯಾಗ ಕುಂದ್ರಿಸಿ ಉಣಿಸೀರಿ, ಆಗ ಬಾಯಿ ಹೊಲ್ಕೊಂಡಿದ್ರೇನ್ರಿ?" ಅಂದ ಕಾಂತು. ಹುಚ್ಚವ್ವ ಹೊಳ್ಳಿ ಬಂದ್ಲು. ಗಂಡನ ಕಾಲಿನ ಕಪ್ಪು, ಬೆರಳು ದಾಟಿ ಪಾದಕ್ಕೇರ್ತು, ಪಾದದಿಂದ ಹಿಮ್ಮಡಕ್ಕ.

ಅಧಿವೇಶನ ಮುಗದ ಮ್ಯಾಲೇ ಸಾಹೇಬ್ರು ಸಿಕ್ಕಿದ್ದು. ನೋಡಿದ ಕೂಡ್ಲೆ ಗುರ್ತು ಹಿಡುದ್ರು. ಕಾರ್ಡಿನ ಸಂಗ್ತಿ ಕೇಳಿ ಅಂದ್ರು, "ನಿನ್ನ ರೊಟ್ಟಿ ಮರ್ತಿಲ್ಲವಾ. ಅವತ್ತ ನಾನಾಗೇ ಕೇಳಿದ್ನೆಲ್ಲ, ಯಾಕ್ ಹೇಳ್ಲಿಲ್ಲ?"

"ಉಣ್ಣಾಕತ್ತಿದ್ರೆಲ್ರಿ."

ಅವ್ರಿಗಿ ತಿಳಿಲಿಲ್ಲ. ಅಲ್ಲೇ ನಿಂತು ಫೋನ್ ಹಚ್ಚಿದ್ರು. ಒಂದು ಚಾ ಕುಡ್ಯೂದ್ರಾಗ ಕಾರ್ಡ್ ಚಾಲೂ ಆತು.

ಮರುದಿನ ಗಂಡನ್ನ ಕರ್ಕೊಂಡು ವಿಜಾಪುರಕ್ಕ ಹ್ವಾದ್ಲು. ಡಾಕ್ಟರು ಅರಬಿ ಬಿಚ್ಚಿ, ಕಾಲು ಒತ್ತಿ ನೋಡಿದ್ರು. ಆಮ್ಯಾಲ ಮೊಣಕಾಲ ಕೆಳಗ ಪೆನ್ನಿಲೆ ಒಂದು ಗೆರಿ ಎಳದ್ರು.

"ಇಲ್ಲೀತನಕ ತಗೀಬೇಕು. ಕಾರ್ಡ್ ಐತೆಲ್ಲ, ರೊಕ್ಕದ ಚಿಂತಿ ಬ್ಯಾಡ್ರಿ."

ಹುಚ್ಚವ್ವ ಸೆರಗಿನ ಗಂಟು ಬಿಚ್ಚಿ ಕಾರ್ಡ್ ಟೇಬಲ್ ಮ್ಯಾಲ ಇಟ್ಲು.