ಚಿಕ್ಕಣ್ಣನವರ ಸವೆಯದ ಕುರ್ಚಿ

ತಿ. ನರಸೀಪುರದ ನಮ್ಮ ಕಚೇರಿಯ ಕುರ್ಚಿಗಳೆಲ್ಲ ಕೂತು ಕೂತು ಗುಂಡಿ ಬಿದ್ದಿದ್ದವು. ಹಿರಿಯ ಗುಮಾಸ್ತ ಚಿಕ್ಕಣ್ಣನವರದು ಮಾತ್ರ ತಂದ ದಿನದ ಹಾಗೇ ಇತ್ತು. ಅವರು ನಿಂತೇ ಬರೆಯುತ್ತಿದ್ದರು, ನಿಂತೇ ಸೀಲು ಒತ್ತುತ್ತಿದ್ದರು, ನಿಂತೇ ಕಾಫಿ ಕುಡಿಯುತ್ತಿದ್ದರು. ಪಹಣಿ, ಖಾತೆ ಎಂದು ಬಂದ ರೈತರು ಇದನ್ನು ಕಂಡು ಕರಗಿಹೋದರು. ತಮ್ಮಂಥವರನ್ನು ಕಂಡರೂ ಎದ್ದು ನಿಲ್ಲುವ ಸರ್ಕಾರಿ ಪ್ರಾಣಿಯೊಂದಿದೆ ಎಂಬ ಸುದ್ದಿ ಮುಡುಕುತೊರೆಯವರೆಗೂ ಹಬ್ಬಿತು.

ಅಸಲಿ ಸಂಗತಿ ಪಕ್ಕದ ಮೇಜಿನ ನನಗೊಬ್ಬನಿಗೇ ಗೊತ್ತಿತ್ತು. ಅವರಿಗೆ ಮೂಲವ್ಯಾಧಿ. ಅವರಾಗಿ ಹೇಳಲಿಲ್ಲ, ಪೆನ್ನಿಗೆಂದು ಅವರ ಡ್ರಾಯರ್ ಎಳೆದಾಗ ಮುಲಾಮಿನ ಟ್ಯೂಬು ಸಿಕ್ಕಿತು. ಸಿಕ್ಕಿಬಿದ್ದ ಮೇಲೆ ತಮ್ಮ ವೈದ್ಯವನ್ನೆಲ್ಲ ವಿವರಿಸಿದರು. ಬೆಳಿಗ್ಗೆ ಮೂಲಂಗಿ ರಸ, ಮಧ್ಯಾಹ್ನ ಮುಟ್ಟಿದರೆ ಮುನಿ ಸೊಪ್ಪು ಅರೆದ ಮಜ್ಜಿಗೆ, ವಾರಕ್ಕೆರಡು ಸಲ ಸುವರ್ಣಗೆಡ್ಡೆ, ಬೆರಳಿಗೊಂದು ತಾಮ್ರದ ಉಂಗುರ. ಕಾಯಿಲೆ ಎಲ್ಲಿ, ಉಂಗುರ ಎಲ್ಲಿ ಎಂದು ಕೇಳಿದ್ದಕ್ಕೆ, "ನೀನು ಸೈನ್ಸ್ ಓದಿಲ್ಲ, ಸುಮ್ಕಿರು," ಎಂದರು. ಅವರು ಓದಿದ್ದು ಕಾಮರ್ಸು. ಡಾಕ್ಟರಿಗೆ ತೋರಿಸಿ ಎಂದರೆ ಒಂದೇ ಉತ್ತರ: "ಮಾನ ಹೋದ್ರೆ ವಾಪಸ್ ಬತ್ತದೇನಯ್ಯ?"

ಮಾನ ಹೋಗಲಿಲ್ಲ, ಸನ್ಮಾನವೇ ಬಂತು. ಮುಡುಕುತೊರೆಯ ಶಿವನಂಜೇಗೌಡರು ಊರವರನ್ನು ಸೇರಿಸಿ ಪೇಟ ತೊಡಿಸಿ, ಶಾಲು ಹೊದಿಸಿ, ಕೆತ್ತನೆಯ ಮರದ ಕುರ್ಚಿ ತೋರಿಸಿದರು. "ಜನಕ್ಕೋಸ್ಕರ ಯಾವತ್ತೂ ಕುಂತವ್ರಲ್ಲ. ಇವತ್ತಾದ್ರೂ ಕುಂತ್ಕಳಿ ಸಾ." ಎರಡು ಗಂಟೆ ಭಾಷಣ. ಚಿಕ್ಕಣ್ಣನವರು ಒಮ್ಮೆ ಎಡಕ್ಕೆ, ಒಮ್ಮೆ ಬಲಕ್ಕೆ ವಾಲುತ್ತ ತಾವು ಎಂಥ ಮಹಾನುಭಾವರೆಂದು ಕೇಳಿಸಿಕೊಂಡರು. ಅವರ ಕಣ್ಣಿನ ನೀರನ್ನು ವಿನಯವೆಂದು ತಿಳಿದು ಗೌಡರೂ ಕಣ್ಣೊರೆಸಿಕೊಂಡರು.

ಮರುವಾರ ಕಚೇರಿಯ ಶೌಚಾಲಯದಿಂದ ಗೋಡೆ ಹಿಡಿದುಕೊಂಡು ಬಂದರು. ಮುಖ ಸುಣ್ಣದ ಹಾಗಿತ್ತು. "ರಕ್ತ ನಿಲ್ತಾನೇ ಇಲ್ಲ ಕಣಯ್ಯ. ಭಯ ಆಯ್ತದೆ." ನನಗೂ ಭಯವಾಯಿತು. ಆಗಲೂ ನರಸೀಪುರದ ಡಾಕ್ಟರು ಬೇಡವಂತೆ, ಗುರುತಿನವರು ನೋಡಿಬಿಡುತ್ತಾರಂತೆ. ಸರಿ, ನಂಜನಗೂಡಿಗೆ ಹೊರಟೆವು, ಬಸ್ಸಿನಲ್ಲಿ ಸೀಟು ಖಾಲಿಯಿದ್ದರೂ ನಿಂತುಕೊಂಡು.

ಕ್ಲಿನಿಕ್ಕಿನಲ್ಲಿ ಬೆಂಚುಗಳೆಲ್ಲ ಖಾಲಿ. ಏಳೆಂಟು ಜನ ಗೋಡೆಗೆ ಒರಗಿ ನಿಂತಿದ್ದರು. ಅವರ ನಡುವೆ ಶಿವನಂಜೇಗೌಡರು.

"ಸೊಸೇನ ತೋರ್ಸಕ್ ಬಂದೆ ಸಾ," ಎಂದರು ಗೌಡರು. ಸೊಸೆ ಎಲ್ಲೂ ಕಾಣಲಿಲ್ಲ.

"ನಾನೂ ಇವನ್ನ ತೋರ್ಸಕ್ ಬಂದೆ," ಎಂದು ಚಿಕ್ಕಣ್ಣನವರು ನನ್ನ ಭುಜದ ಮೇಲೆ ಕೈ ಇಟ್ಟರು. ಗೌಡರು ನನ್ನನ್ನು ಪಾಪ ಅನ್ನುವಂತೆ ನೋಡಿದರು.

ಡಾಕ್ಟರಮ್ಮ ಪರೀಕ್ಷೆ ಮಾಡಿ ಚೆನ್ನಾಗಿಯೇ ಬೈದರು. ಶುರುವಿನಲ್ಲೇ ಬಂದಿದ್ದರೆ ಸೊಪ್ಪು ತರಕಾರಿ, ನೀರು, ಬಿಸಿನೀರಿನ ಟಬ್ಬು, ಮಾತ್ರೆಗಳಲ್ಲೇ ಮುಗಿಯುತ್ತಿತ್ತಂತೆ. "ಈಗ ಒಳಗಿನ ಗಂಟಿನ ಬುಡಕ್ಕೆ ರಬ್ಬರ್ ಬ್ಯಾಂಡ್ ಹಾಕ್ತೀನಿ, ಒಣಗಿ ಉದುರುತ್ತೆ. ಅದಕ್ಕೂ ಬಗ್ಗದಿದ್ರೆ ಆಪರೇಷನ್." ಮೂವತ್ತು ವರ್ಷ ಫೈಲಿಗೆ ರಬ್ಬರ್ ಬ್ಯಾಂಡ್ ಹಾಕಿದ ಚಿಕ್ಕಣ್ಣನವರಿಗೆ ಕೊನೆಗೂ ನಂಬುವಂಥ ಔಷಧಿ ಸಿಕ್ಕಿತು.

ಎರಡು ಸಲ ಹಾಕಿಸಿಕೊಂಡರು. ಒಂದು ಸೋಮವಾರ ಬಂದವರೇ ಕುರ್ಚಿಯಲ್ಲಿ ಕೂತುಬಿಟ್ಟರು. ವಾರದೊಳಗೆ ಗುಸುಗುಸು ಶುರುವಾಯಿತು. ಒಬ್ಬ ರೈತ ಕೇಳಿಸುವಂತೆಯೇ ಅಂದ: "ಸನ್ಮಾನ ಆದ್ಮೇಲೆ ಸಾಹೇಬ್ರಿಗೆ ಕೊಬ್ಬು ಬಂದದೆ."

ಚಿಕ್ಕಣ್ಣನವರು ಪೆನ್ನು ಕೆಳಗಿಟ್ಟರು. ಮಾನ ಉಳಿಸಿಕೊಳ್ಳಲು ಎದ್ದೇ ಬಿಡುತ್ತಾರೆ ಅಂದುಕೊಂಡೆ. ಏಳಲಿಲ್ಲ. ಇಡೀ ಕಚೇರಿಗೆ ಕೇಳುವ ಹಾಗೆ ಹೇಳಿದರು: "ಕೊಬ್ಬಲ್ಲ ಕಣಪ್ಪ, ಮೂಲವ್ಯಾಧಿ. ಇಷ್ಟ್ ವರ್ಸ ಮರ್ವಾದೆಗೆ ನಿಂತಿರ್ಲಿಲ್ಲ, ನೋವಿಗೆ ನಿಂತಿದ್ದೆ. ಈಗ ವಾಸಿಯಾಗದೆ, ಕುಂತಿವ್ನಿ. ಯಾರ್ಗಾದ್ರೂ ಇದ್ರೆ ಬನ್ನಿ, ಅಡ್ರೆಸ್ ಬರ್ಕೊಡ್ತೀನಿ."

ಯಾರೂ ನಗಲಿಲ್ಲ. ಸಂಜೆಯೊಳಗೆ ಮೂವರು ಬಂದು ಅವರ ಕಿವಿಯ ಹತ್ತಿರ ಬಗ್ಗಿದರು. ಅದರಲ್ಲಿ ನಮ್ಮ ಮ್ಯಾನೇಜರೂ ಒಬ್ಬರು.

ನಿವೃತ್ತರಾಗಿ ದೇವನೂರಿಗೆ ಹೋದ ಚಿಕ್ಕಣ್ಣನವರು ಹೋದ ವರ್ಷ ತೀರಿಕೊಂಡರು. ಅವರ ಕುರ್ಚಿ ಈಗ ನನ್ನದು. ಅವರಿಲ್ಲದ ಕಚೇರಿ ನನಗೆ ಇವತ್ತಿಗೂ ಒಗ್ಗಿಲ್ಲ. ಮೊನ್ನೆ ಒಬ್ಬರು ಮುದುಕರು ಖಾತೆಗೆಂದು ಬಂದಾಗ ಚಿಕ್ಕಣ್ಣನವರ ನೆನಪಾಗಿ, ನಿಜವಾದ ಗೌರವದಿಂದಲೇ ಎದ್ದು ನಿಂತೆ.

ಮುದುಕರು ಸುತ್ತ ನೋಡಿ, ಮೇಜಿನ ಮೇಲೆ ಬಾಗಿ ಪಿಸುಗುಟ್ಟಿದರು: "ನಾಚ್ಕಬ್ಯಾಡಿ ಸಾ. ನಂಜನಗೂಡಲ್ಲಿ ಒಬ್ರು ಡಾಕ್ಟ್ರಮ್ಮ ಅವ್ರೆ. ನಮ್ ಚಿಕ್ಕಣ್ಣ ಸಾಹೇಬ್ರು ಅಡ್ರೆಸ್ ಬರ್ಕೊಟ್ಟಿದ್ರು, ಇನ್ನೂ ಮಡಗಿವ್ನಿ."