ನೀಲಿ ಹೂವಿನ ಬಿರಡೆ

ಅವನಿಗೆ 'ಪಂಪು' ಅಂತ ಹೆಸರು ಬಿದ್ದದ್ದು ಕೆಲಸಕ್ಕೆ ಸೇರಿದ ಒಂಬತ್ತನೇ ದಿನ. ಕಾರಿನ ಹಿಂದೆ ಕಟ್ಟಿಕೊಂಡು ಎಳೆದೊಯ್ಯುವ ಕ್ಯಾರವಾನುಗಳನ್ನು, ಅಂದರೆ ಚಕ್ರದ ಮೇಲಿನ ಪುಟ್ಟ ಮನೆಗಳನ್ನು, ಪ್ರವಾಸಿಗರಿಗೆ ಬಾಡಿಗೆಗೆ ಕೊಡುವ ಕಂಪನಿ ಅದು. ಯಾವ ಗಾಡಿಯಲ್ಲಿ ನೀರು ಬರದಿದ್ದರೂ ಅವನು ಮೊದಲು ಕೈಹಾಕುತ್ತಿದ್ದದ್ದು ಪಂಪಿಗೆ. ಒಂದೇ ವಾರದಲ್ಲಿ ಮೂರು ಒಳ್ಳೇ ಪಂಪುಗಳನ್ನು ಬಿಚ್ಚಿ, ಆ ಜಾಗಕ್ಕೆ ಇನ್ನು ಮೂರು ಒಳ್ಳೇ ಪಂಪುಗಳನ್ನು ಹಾಕಿದ್ದ. ಡಿಪ್ಲೊಮಾ ಪಾಸಾದವನಾದ್ದರಿಂದ ಹಾಗೇಕೆ ಮಾಡಿದೆ ಎಂಬುದಕ್ಕೆ ಅವನ ಬಳಿ ಯಾವಾಗಲೂ ಕಾರಣವಿರುತ್ತಿತ್ತು. ನೀರು ಮಾತ್ರ ಇರುತ್ತಿರಲಿಲ್ಲ.

ಹೆಸರಿಟ್ಟವರು ಮೇಸ್ತ್ರಿ. ಮೂವತ್ತೊಂದು ವರ್ಷದಿಂದ ಆ ಅಂಗಳದ ನೀರು ಅವರ ಕೈಯಲ್ಲೇ ಹರಿಯುತ್ತಿತ್ತು. ಓದಿದ್ದು ಕಡಿಮೆ, ಮಾತು ಅದಕ್ಕಿಂತ ಕಡಿಮೆ. ಗಾಡಿಯ ಹೊರಗೆ ನೀರಿನ ಪೀಪಾಯಿ ನಿಲ್ಲುತ್ತದೆ. ಅದರೊಳಗೆ ಪಂಪು ಮುಳುಗಿರುತ್ತದೆ. ಪಂಪಿನಿಂದ ಹೊರಟ ಪೈಪನ್ನು ಗಾಡಿಯ ಗೋಡೆಯಲ್ಲಿರುವ ಕೊಳವೆಯ ಬಾಯಿಗೆ ಸಿಕ್ಕಿಸಬೇಕು. ಇಷ್ಟರಲ್ಲೇ ಎಲ್ಲ ರೋಗವೂ ಇರುತ್ತದೆ ಅನ್ನುವುದು ಮೇಸ್ತ್ರಿಯ ಸಿದ್ಧಾಂತ.

"ಪಂಪು ಓಡಿಸು, ಪೈಪು ಹಿಡಿದು ನೋಡು. ಬಿಗಿಯಾಗಿದ್ರೆ ತಪ್ಪು ಮುಂದಿದೆ. ಸೋತು ಮಲಗಿದ್ರೆ ತಪ್ಪು ಹಿಂದಿದೆ. ಇಷ್ಟೇ ಕಣೋ ವಿದ್ಯೆ. ಇದಕ್ಕೆ ನಿಮ್ಮಪ್ಪ ಮೂರು ವರ್ಷ ಫೀಸು ಕಟ್ಟಿದ್ರಲ್ಲ, ಪಾಪ."

ಮೇಸ್ತ್ರಿಯ ಇನ್ನೊಂದು ಪದ್ಧತಿ ಬಟ್ಟೆಯದು. ಗಾಡಿ ವಾಪಸು ಬಂದ ಮೇಲೆ ನೀರೆಲ್ಲ ಬಸಿದು, ಗೋಡೆಯ ಕೊಳವೆಗೆ ಒಂದು ಬೆರಳಾಳ ಬಟ್ಟೆಯ ಬಿರಡೆ ತುರುಕುತ್ತಿದ್ದರು. ಇಲ್ಲದಿದ್ದರೆ ಜೇಡ, ಕಣಜ ಎಲ್ಲ ಒಳಗೆ ಸಂಸಾರ ಹೂಡುತ್ತವೆ. ಮಾರುಕಟ್ಟೆಯಲ್ಲಿ ರಬ್ಬರಿನ ಬಿರಡೆ ಸಿಗುತ್ತಿತ್ತು. ಮೇಸ್ತ್ರಿ ಮಾತ್ರ, ತೀರಿಹೋದ ಹೆಂಡತಿ ಹೊಲಿದಿದ್ದ ಕಿಟಕಿ ಪರದೆಯನ್ನು ತುಂಡು ತುಂಡು ಮಾಡಿ ತಗಡಿನ ಡಬ್ಬಿಯಲ್ಲಿ ಇಟ್ಟುಕೊಂಡಿದ್ದರು. ಬಿಳಿ ಬಟ್ಟೆಯ ಮೇಲೆ ಚಿಕ್ಕ ಚಿಕ್ಕ ನೀಲಿ ಹೂವು. ಮನೆಯಲ್ಲಿ ಸುಮ್ಮನೆ ನೇತಾಡುವುದರ ಬದಲು ಕೆಲಸಕ್ಕೆ ಬರಲಿ, ಅವಳೂ ಸುಮ್ಮನೆ ಕೂತವಳಲ್ಲ ಅನ್ನುತ್ತಿದ್ದರು.

ಗಾಡಿ ಹೊರಡುವ ಬೆಳಿಗ್ಗೆ ಬಿರಡೆ ಎಳೆದು ಕೋಟಿನ ಜೇಬಿಗೆ ಹಾಕಿಕೊಳ್ಳುವುದು, ಸಂಜೆ ಜೇಬಿನಿಂದ ತೆಗೆದು ಬೆಂಚಿನ ಮೇಲೆ ಸಾಲಾಗಿ ಇಟ್ಟು ಎಣಿಸುವುದು. ಆರು ಗಾಡಿ ಹೋಗಿದ್ದರೆ ಆರು ಹೂವಿನ ತುಂಡು ಇರಬೇಕು. ಮೂವತ್ತೊಂದು ವರ್ಷದಲ್ಲಿ ಲೆಕ್ಕ ಒಮ್ಮೆಯೂ ತಪ್ಪಿರಲಿಲ್ಲ. ಅವರಿಗೆ ಕೆಲಸ ಕಲಿಸಿದ ಹಿರಿಯರೊಬ್ಬರನ್ನು ವಯಸ್ಸಾಯಿತೆಂದು ಎಲ್ಲರೆದುರು ಬೈದು ಗೇಟಿನಿಂದ ಆಚೆ ಕಳಿಸಿದ್ದನ್ನು ಮೇಸ್ತ್ರಿ ಕಣ್ಣಾರೆ ಕಂಡಿದ್ದರು. ಆ ಮನುಷ್ಯ ಊಟದ ಡಬ್ಬಿಯನ್ನು ಬಿಟ್ಟು ಹೋದವರು ಅದನ್ನು ಕೇಳಿಕೊಂಡೂ ಬರಲಿಲ್ಲವಂತೆ.

"ನನ್ನ ಜೇಬಿನ ಲೆಕ್ಕ ಯಾವತ್ತು ತಪ್ಪುತ್ತೋ ಅವತ್ತು ನಾನೇ ಮ್ಯಾನೇಜರ್ ಮೇಡಂ ಹತ್ರ ಹೋಗಿ ಕೈ ಮುಗಿದು ಕೆಲಸ ಬಿಟ್ಟು ಬರ್ತೀನಿ," ಅಂದಿದ್ದರು ಮೇಸ್ತ್ರಿ. "ಹೋಗು ಅನ್ನಿಸ್ಕೊಂಡು ಹೋಗಲ್ಲ."

ಚಳಿಗಾಲದ ಒಂದು ಮಧ್ಯಾಹ್ನ ಅರ್ಧ ಗಂಟೆಯ ದಾರಿಯ ಬಿಡಾರದಿಂದ ನೀರು ಬರುತ್ತಿಲ್ಲವೆಂದು ಫೋನು ಬಂತು. ಪಂಪು ಹೋದ. ಹೋದವನು ರೂಢಿಯಂತೆ ಪಂಪು ಬದಲಿಸಿದ. ಹೊಸ ಪಂಪು ಹಳೇ ಪಂಪಿನಷ್ಟೇ ಚೆನ್ನಾಗಿ ಗುಂಯ್‌ಗುಟ್ಟಿತು, ನಲ್ಲಿ ಅಷ್ಟೇ ಚೆನ್ನಾಗಿ ಒಣಗಿತ್ತು. ಬಾಡಿಗೆದಾರರ ಮಗಳು, ಐದಾರು ವರ್ಷದವಳು, ಈ ಅಂಕಲ್‌ಗೆ ಬರಲ್ಲ ಅಂತ ತನ್ನ ಅಮ್ಮನಿಗೆ ಹೇಳಿದಳು. ಆಮೇಲೆ ಪೈಪು ಹಿಡಿದ. ಕಬ್ಬಿನಂತೆ ಬಿಗಿಯಾಗಿತ್ತು. ತಪ್ಪು ಮುಂದಿದೆ. ಪೈಪು ಕಿತ್ತು ಕೊಳವೆಯೊಳಗೆ ಬೆರಳಿಟ್ಟಾಗ ಬೆರಳಿಗೆ ಬಟ್ಟೆ ಸಿಕ್ಕಿತು. ಒದ್ದೆಯಾಗಿ ನೀಲಿ ಹೂವು ಇನ್ನಷ್ಟು ನೀಲಿಯಾಗಿತ್ತು.

ಏನಾಗಿತ್ತು ಅಂತ ಬಾಡಿಗೆದಾರರು ಕೇಳಿದಾಗ, ಗಾಳಿ ಕಟ್ಟಿಕೊಂಡಿತ್ತು ಅಂದ.

ದಾರಿಯುದ್ದಕ್ಕೂ ಅವನಿಗೆ ಸಂಜೆಯ ಎಣಿಕೆಯದೇ ಚಿಂತೆ. ಐದು ಗಾಡಿ ಹೋಗಿತ್ತು; ಜೇಬಿನಲ್ಲಿ ನಾಲ್ಕಿರುತ್ತದೆ. ಮೇಸ್ತ್ರಿ ನಾಳೆಯೇ ಕೈ ಮುಗಿದು ಹೊರಟುಬಿಡುತ್ತಾರೆ. ಆಮೇಲೆ? ಅವರಿಗೆ ಉಳಿಯುವುದು ಒಂದೇ ಕೋಣೆ, ಒಂದು ಕುರ್ಚಿ, ಪರದೆಯಿಲ್ಲದ ಕಿಟಕಿ. ಮೇಸ್ತ್ರಿ ಕೈ ತೊಳೆಯಲು ಹೋದಾಗ ಮೊಳೆಗೆ ನೇತುಹಾಕಿದ್ದ ಕೋಟಿನ ಜೇಬಿಗೆ ಡಬ್ಬಿಯಿಂದ ಒಂದು ಒಣ ತುಂಡನ್ನು ಇಳಿಬಿಟ್ಟ. ಐದೂ ಸರಿಯಾಗಿ ಬಂದವು. ಮೇಸ್ತ್ರಿ ತುಂಡುಗಳನ್ನು ಅಂಗೈಯಿಂದ ನೀವಿ ಡಬ್ಬಿಗೆ ಹಾಕಿದರು. ಎಂಥ ದೊಡ್ಡ ಮನಸ್ಸು ನನ್ನದು ಎಂದು ಪಂಪು ಆ ಸಂಜೆ ತನ್ನನ್ನೇ ಮೆಚ್ಚಿಕೊಂಡ. ಮೆಚ್ಚಿಕೊಳ್ಳಲು ಬೇರೆ ಯಾರೂ ಇರಲಿಲ್ಲವಲ್ಲ.

ತಿಂಗಳಾಗುವುದರೊಳಗೆ ಇನ್ನೊಮ್ಮೆ ಹಾಗೇ ಆಯಿತು. ಅದರ ಮುಂದಿನ ತಿಂಗಳು ಮತ್ತೊಮ್ಮೆ. ಎರಡೂ ಸಲ ಗಾಡಿ ಹತ್ತಿರದಲ್ಲೇ ಇತ್ತು, ಎರಡೂ ಸಲ ಇವನೇ ಹೋದ, ಎರಡೂ ಸಲ ಗಾಳಿಯ ತಲೆಗೆ ಕಟ್ಟಿದ. ಈಗ ಪಂಪು ಬಿಚ್ಚುವ ಚಟ ಬಿಟ್ಟುಹೋಗಿತ್ತು, ನೇರ ಕೊಳವೆಗೇ ಬೆರಳಿಡುತ್ತಿದ್ದ. ಹುಡುಗ ಸುಧಾರಿಸಿದ ಅಂತ ಮೇಸ್ತ್ರಿ ಹೊಗಳಿದರು. ಮೇಸ್ತ್ರಿ ಅವನ ಹೆಸರನ್ನು ಬದಲಾಯಿಸುವ ಮಾತೂ ಆಡಿದರು.

ನಾಲ್ಕನೆಯ ಸಲ ಗಾಡಿ ಹತ್ತಿರದಲ್ಲಿರಲಿಲ್ಲ.

ಒಬ್ಬಾಕೆ ಹಾಸಿಗೆ ಹಿಡಿದ ತಾಯಿಯನ್ನು ಸಮುದ್ರ ತೋರಿಸಲು ಕರೆದೊಯ್ದಿದ್ದಳು. ಮುದುಕಿ ಹುಟ್ಟಿದ್ದು ಸಮುದ್ರದ ದಂಡೆಯಲ್ಲಿ. ಒಮ್ಮೆ ನೋಡಬೇಕು ಅಂತ ಒಂದೇ ಹಟವಂತೆ. ಎರಡು ದಿನದ ಘಾಟಿ ದಾರಿ. ಮೊದಲ ದಿನ ಸಂಜೆ ನಾಲ್ಕರ ಹೊತ್ತಿಗೆ ಆಕೆಯ ಫೋನು ಬಂತು. ಪಂಪು ಓಡುತ್ತಿದೆ, ಪೈಪು ಉಬ್ಬಿಕೊಂಡಿದೆ, ನಲ್ಲಿಯಲ್ಲಿ ಹನಿಯಿಲ್ಲ.

ಕೊಳವೆಯೊಳಗೆ ಬಟ್ಟೆಯಿದೆ, ಎಳೆಯಿರಿ ಎಂಬ ಒಂದು ಮಾತು ಸಾಕಾಗಿತ್ತು. ಆದರೆ ಪಕ್ಕದ ಸ್ಟೂಲಿನ ಮೇಲೆ ಮೇಸ್ತ್ರಿ ಚಹಾ ಕುಡಿಯುತ್ತ ಕೂತಿದ್ದರು, ಯಾರದಂತೆ ಎಂದು ಕಣ್ಣಲ್ಲೇ ಕೇಳುತ್ತಿದ್ದರು. ಪಂಪನ್ನು ನೀರಿನೊಳಗೇ ಅಲ್ಲಾಡಿಸಿ, ಗಾಳಿ ಬಿಡುತ್ತದೆ ಅಂದುಬಿಟ್ಟ. ಮೇಸ್ತ್ರಿ ಎದ್ದು ಹೋದ ಮೇಲೆ ತಿರುಗಿ ಮಾಡಿ ಹೇಳಿದರಾಯಿತು ಅಂದುಕೊಂಡ. ಹತ್ತು ನಿಮಿಷ ಬಿಟ್ಟು ಮಾಡಿದ. ಅಷ್ಟರಲ್ಲಿ ಗಾಡಿ ಘಾಟಿಯೊಳಗೆ ಹೋಗಿತ್ತು, ಫೋನು ಹೋಗಲಿಲ್ಲ. ಸಂಜೆ ಹನ್ನೊಂದು ಸಲ ಮಾಡಿದ, ಮರುದಿನ ಬೆಳಿಗ್ಗೆ ಏಳು ಸಲ. ಅಷ್ಟರ ನಡುವೆಯೂ ಕೋಟಿನ ಜೇಬಿಗೆ ಒಂದು ತುಂಡು ಇಳಿಸುವುದನ್ನು ಮರೆಯಲಿಲ್ಲ.

ಮೂರನೇ ದಿನ ಆಕೆ ಗಾಡಿ ವಾಪಸು ತಂದಳು. ಸಮುದ್ರ ನೋಡಿರಲಿಲ್ಲ. ತಾಯಿಗೆ ದಿನಕ್ಕೆ ಮೂರು ಸಲ ಮೈ ಒರೆಸಿ, ಬಟ್ಟೆ ಬದಲಿಸಿ, ಒಗೆಯಬೇಕಾಗಿತ್ತು. ಒಬ್ಬಳೇ ಹೆಂಗಸು ಕೆಳಗಿನ ತೊರೆಯಿಂದ ಬಕೆಟ್ಟಿನಲ್ಲಿ ಎಷ್ಟು ಹೊತ್ತಾಳು? ಒಂದೂವರೆ ದಿನ ಹೊತ್ತು, ಅರ್ಧ ದಾರಿಯಿಂದಲೇ ಗಾಡಿ ತಿರುಗಿಸಿದ್ದಳು. ಕೆಳಗಿನ ಪೇಟೆಯ ಸೈಕಲ್ ಅಂಗಡಿಯವನು ಬಟ್ಟೆ ಎಳೆದುಕೊಟ್ಟಿದ್ದ. ಅಷ್ಟರಲ್ಲಿ ತಾಯಿಗೆ ಜ್ವರ ಏರಿತ್ತು. ಇನ್ನೊಂದು ಸಲ ಹೊರಡುವ ಹಾಗಿಲ್ಲ ಅಂದಿದ್ದರು ಡಾಕ್ಟರು. ಆಕೆ ಜೋರಾಗಿ ಮಾತಾಡಲೇ ಇಲ್ಲ. ಬಟ್ಟೆಯ ತುಂಡನ್ನು ಮ್ಯಾನೇಜರ್ ಮೇಡಂ ಮೇಜಿನ ಮೇಲಿಟ್ಟು ಇದು ನಿಮ್ಮದಾ ಎಂದಳು.

ಮೇಸ್ತ್ರಿಯನ್ನು ಕರೆಸಿದರು. ಆಫೀಸಿನ ಬಾಗಿಲಲ್ಲಿ ಎಲ್ಲರೂ ನಿಂತಿದ್ದರು, ಪಂಪು ಕೂಡ. ಮೇಸ್ತ್ರಿ ತುಂಡನ್ನು ಎತ್ತಿಕೊಂಡು, ಹೊರಳಿಸಿ ನೋಡಿ, ತಲೆಯಾಡಿಸಿದರು.

"ಇದು ಆ ಗಾಡೀಲಿರೋಕೆ ಸಾಧ್ಯ ಇಲ್ಲ ಮೇಡಂ. ಅವತ್ತಿನ ಲೆಕ್ಕ ಸರಿ ಇತ್ತು."

"ಮೇಸ್ತ್ರಿ, ಬಟ್ಟೆ ನಿಮ್ಮದೇ."

"ಬಟ್ಟೆ ನನ್ನದೇ. ಲೆಕ್ಕ ಸರಿ ಇತ್ತು. ನಾನೇ ಎಣಿಸಿದೀನಿ."

ಮೂರು ಸಲ ಅದನ್ನೇ ಹೇಳಿದರು. ಮೂವತ್ತೊಂದು ವರ್ಷ ಸುಳ್ಳಾಡದ ಮನುಷ್ಯ, ಕೈಯಲ್ಲೇ ಸಾಕ್ಷಿ ಹಿಡಿದುಕೊಂಡು, ಹತ್ತು ಜನರೆದುರು ಸುಳ್ಳುಗಾರರಾದರು. ಹಿಂದೆ ಯಾರೋ ಮುಸಿಮುಸಿ ನಕ್ಕರು. ಬಾಯಿ ತೆರೆಯಬೇಕಾದವನ ಬಾಯಿಗೇ ಬಿರಡೆ ತುರುಕಿದಂತಾಗಿತ್ತು. ನಾಳೆಯಿಂದ ಬರಬೇಡಿ ಅಂದರು ಮೇಡಂ. ಮೇಸ್ತ್ರಿ ಕೋಟು ಹಾಕಿಕೊಂಡರು, ಡಬ್ಬಿ ಕಂಕುಳಲ್ಲಿ ಇಟ್ಟುಕೊಂಡರು. ಗೇಟಿನ ಬಳಿ ನಿಂತು ಜೇಬು ಮುಟ್ಟಿ ನೋಡಿಕೊಂಡರು.

ಪಂಪು ಅವರ ಕೋಣೆಗೆ ಹೋಗಲು ನಾಲ್ಕು ದಿನ ತೆಗೆದುಕೊಂಡ. ಮೊದಲ ಮೂರು ದಿನ ಹೋಗದಿರಲು ಅವನ ಬಳಿ ಒಳ್ಳೊಳ್ಳೆ ಕಾರಣಗಳಿದ್ದವು.

ಮೇಸ್ತ್ರಿ ಕಿಟಕಿಯ ಬೆಳಕಿನಲ್ಲಿ ಮೇಜಿನ ಮೇಲೆ ತುಂಡುಗಳನ್ನು ಸಾಲಾಗಿ ಇಟ್ಟುಕೊಂಡು ಕೂತಿದ್ದರು. ಇದ್ದ ಒಂದು ಕುರ್ಚಿಯನ್ನು ಅವನಿಗೆ ಕೊಟ್ಟು ತಾವು ಮಂಚದ ತುದಿಗೆ ಸರಿದರು. ಅವತ್ತಿನ ಲೆಕ್ಕ ಸರಿ ಇದ್ದರೆ ಈಗ ಒಂದು ತುಂಡು ಹೆಚ್ಚು ಬರಬೇಕಲ್ಲ, ಎಷ್ಟು ಎಣಿಸಿದರೂ ಬರುತ್ತಿಲ್ಲ ಅಂತ ತಲೆ ಕೆಡಿಸಿಕೊಂಡಿದ್ದೇನೆ ಅಂದರು. ಪಂಪು ನೆಲ ನೋಡಿಕೊಂಡೇ ಎಲ್ಲವನ್ನೂ ಹೇಳಿದ. ಕೋಟು, ಜೇಬು, ಫೋನು, ಎಲ್ಲ.

ಮೇಸ್ತ್ರಿ ಮೇಜಿನ ಮೇಲಿನ ಸಾಲನ್ನು ಮತ್ತೊಮ್ಮೆ ನೋಡಿದರು.

"ಎಷ್ಟು ಸಲ?"

ಒಂದು ಅನ್ನಬಹುದಾಗಿತ್ತು. ಅವನ ನಾಲಿಗೆ ಆ ಕಡೆಗೇ ಹೊರಳಿತ್ತು.

"ನಾಲ್ಕು."

"ಹಾಗಾದ್ರೆ ನಾನು ಹೋಗ್ಬೇಕಾಗಿದ್ದು ಚಳಿಗಾಲದಲ್ಲೇ," ಅಂದರು ಮೇಸ್ತ್ರಿ. "ಆ ಅಮ್ಮ ಸಮುದ್ರ ನೋಡಿರೋರು."

"ನಿಮ್ಮ ಮನಸ್ಸಿಗೆ ನೋವಾಗುತ್ತೆ ಅಂತ..."

"ನೋವಾಗ್ಲಿ ಅಂತಾನೇ ಅಲ್ವೇನಪ್ಪ ನಾನು ಎಣಿಸ್ತಾ ಇದ್ದಿದ್ದು."

ನಾಳೆ ಮೇಡಂಗೆ ಎಲ್ಲ ಹೇಳುತ್ತೇನೆ ಅಂದ ಪಂಪು. ಹೇಳು ಅಂದರು, ನನಗೋಸ್ಕರ ಅಲ್ಲ, ಆ ಹೆಣ್ಣುಮಗಳು ಸುಳ್ಳು ಹೇಳಲಿಲ್ಲ ಅಂತ ಗೊತ್ತಾಗಲಿ, ನಾನು ಅವಳ ಮುಖದ ಮೇಲೇ ಇಲ್ಲ ಅಂದುಬಿಟ್ಟೆ. ಆಮೇಲೆ ನಾಳೆ ಎಷ್ಟು ಗಾಡಿ ಬರುತ್ತವೆ ಎಂದು ಕೇಳಿದರು. ಐದು ಅಂದ. ಮೇಸ್ತ್ರಿ ಸಾಲಿನಿಂದ ಒಂದೊಂದೇ ತುಂಡು ಎತ್ತಿ, ತುಟಿ ಅಲ್ಲಾಡಿಸುತ್ತ ಎಣಿಸಿ, ಅವನ ಅಂಗೈಯಲ್ಲಿಟ್ಟು ಬೆರಳು ಮುಚ್ಚಿದರು.

ಬಾಗಿಲವರೆಗೆ ಹೋದವನು ಅಂಗೈ ಬಿಚ್ಚಿ ನೋಡಿದ. ಹೇಗೂ ರಬ್ಬರಿನ ಬಿರಡೆಯೊಂದನ್ನು ತಾನೇ ಕೊಳ್ಳಬಹುದು, ಎಲ್ಲಿಂದಾದರೂ ಒಂದು ಚಿಂದಿ ತರಬಹುದು. ಅಲ್ಲೇ ಒಂದು ಕ್ಷಣ ನಿಂತ. ಮತ್ತೆ ಒಳಗೆ ಬಂದ.

"ಮೇಸ್ತ್ರಿ, ಒಂದು ಕಡಿಮೆ ಇದೆ."

ಮೇಸ್ತ್ರಿ ಅವನ ಅಂಗೈಯನ್ನು ನೋಡಿದರು. ಬೆರಳಿಟ್ಟು ಎಣಿಸಿದರು. ಮತ್ತೆ ಮೊದಲಿಂದ ಎಣಿಸಿದರು.

"ಹೌದಪ್ಪ," ಅಂದರು. "ನಾಲ್ಕೇ ಇದೆ."